ಹಸು ಮಾರಿ ಬಾಡಿಗೆ ಮನೆ ಕಟ್ಟುವ ಮುನ್ನ



ಕೆಚ್ಚಲು ಬಾವು, ಗಬ್ಬ ಕಟ್ಟದ ರಾಸು, ಹಸಿರು ಮೇವು ಇವುಗಳ ಬಗ್ಗೆ ಬರೆಯಬೇಕಾದ ಈ ಪುಟದಲ್ಲಿ ಬಾಡಿಗೆ ಮನೆಯ ವಿಚಾರ ಏಕೆ ಬಂತು ಎಂದು ತಾವು ಕೇಳಬಹುದು. ಕಾರಣವಿದೆ. ಸಂಘಗಳ ಭೇಟಿಗೆ ಹೋದಾಗ ಈಚೆಗೆ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು: "ಡಾಕ್ಟ್ರೇ, ಇರೋ ನಾಲ್ಕು ಹಸು ಕೊಟ್ಟುಬಿಟ್ಟು, ಮೇಲಷ್ಟು ಸಾಲ ಎತ್ತಿ, ರಸ್ತೆ ಬದಿ ಸೈಟಿನಲ್ಲಿ ಎರಡು ಮನೆ ಕಟ್ಟಿ ಬಾಡಿಗೆಗೆ ಬಿಟ್ಟರೆ ಹೇಗೆ? ಸಗಣಿ ಬಾಚೋದು ತಪ್ಪುತ್ತೆ. ತಿಂಗಳಾದರೆ ದುಡ್ಡು ಬರುತ್ತೆ."

ಕೇಳುವವರ ತಪ್ಪೇನೂ ಇಲ್ಲ. ಪಟ್ಟಣಗಳು ಬೆಳೆದು ನಮ್ಮ ಹಳ್ಳಿಗಳ ಅಂಚಿಗೆ ಬಂದಿವೆ. ಗಾರ್ಮೆಂಟ್ಸ್ ಕಾರ್ಖಾನೆ, ಕಾಲೇಜು, ಬೈಪಾಸ್ ರಸ್ತೆ ಬಂದ ಕಡೆಯಲ್ಲೆಲ್ಲ ಬಾಡಿಗೆಗೆ ಮನೆ ಕೇಳುವವರಿದ್ದಾರೆ. ಮಕ್ಕಳು ಕೊಟ್ಟಿಗೆ ಕೆಲಸಕ್ಕೆ ಬರುವುದಿಲ್ಲ, ತಮಗೂ ವಯಸ್ಸಾಯಿತು. ಬಾಡಿಗೆ ಆದಾಯ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದು ಕುಳಿತಲ್ಲಿಗೆ ಬರುವ ಆದಾಯ ಎಂಬ ನಂಬಿಕೆಯಿಂದ ಒಳ್ಳೆಯ ಕರಾವಿನ ಹಸುಗಳನ್ನು ಮಾರಿ, ಎರಡೇ ವರ್ಷದಲ್ಲಿ ಸಾಲದ ಕಂತಿಗೆ ಪರದಾಡಿದವರನ್ನು ಕಂಡಿದ್ದೇನೆ. ಆದ್ದರಿಂದ ಈ ಲೇಖನ. ನಾನು ವಕೀಲನಲ್ಲ, ಪಶುವೈದ್ಯ. ಕಾನೂನಿನ ಮಾತು ಬಂದಲ್ಲಿ ಸಾಮಾನ್ಯವಾಗಿ ತಿಳಿದಿರಬೇಕಾದಷ್ಟನ್ನೇ ಹೇಳಿದ್ದೇನೆ. ಪತ್ರ ಬರೆಸುವ ಮುನ್ನ ಬಲ್ಲ ವಕೀಲರನ್ನು ಕೇಳಿ.

ಮೊದಲು ಲೆಕ್ಕ

ಲೆಕ್ಕಕ್ಕೆಂದು ಹಿಡಿಯೋಣ. ಸೈಟು ನಿಮ್ಮದೇ. ಎರಡು ಸಣ್ಣ ಮನೆಗಳಿಗೆ 10 ಲಕ್ಷ ರೂಪಾಯಿ ಖರ್ಚಾಯಿತು. ಮನೆಯೊಂದಕ್ಕೆ ತಿಂಗಳಿಗೆ 4,000 ರೂ. ಬಾಡಿಗೆ. ಎರಡರಿಂದ ವರ್ಷಕ್ಕೆ 96,000 ರೂ. ಎಲ್ಲರೂ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ.

ಹಸುವಿಗೆ ಕರು ಹಾಕುವ ಮುನ್ನ ಎರಡು ತಿಂಗಳು ಬತ್ತಿಸಬೇಕು ಎಂದು ನಿಮಗೆ ಗೊತ್ತು. ಆ ಎರಡು ತಿಂಗಳು ಹಾಲಿಲ್ಲ, ಮೇವು ಮಾತ್ರ ಹಾಕಬೇಕು. ಬಾಡಿಗೆ ಮನೆಗೂ ಬತ್ತಿದ ದಿನಗಳಿವೆ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಸುಣ್ಣ ಬಣ್ಣ ಆಗಬೇಕು, ಜನ ಬಂದು ನೋಡಬೇಕು. ಮನೆಗೆ ವರ್ಷಕ್ಕೆ ಒಂದೇ ತಿಂಗಳು ಖಾಲಿ ಎಂದುಕೊಂಡರೂ 8,000 ರೂ. ಹೋಯಿತು. ಕಂದಾಯ, ನಲ್ಲಿ, ಮೋಟಾರು, ಸೋರುವ ತಾರಸಿ, ಸುಣ್ಣ ಇವಕ್ಕೆ ಎರಡೂ ಮನೆಗೆ ಸೇರಿ 12,000 ರೂ. ಎಂದಿಟ್ಟುಕೊಳ್ಳಿ. ಕೈಯಲ್ಲಿ ಉಳಿದದ್ದು 76,000, ಅಂದರೆ ತಿಂಗಳಿಗೆ ಸುಮಾರು 6,300 ರೂ.

ಈಗ ಆ 10 ಲಕ್ಷವನ್ನು ಪೂರ್ತಿ ಸಾಲ ಮಾಡಿದ್ದರೆ? ಶೇ. 10ರ ಬಡ್ಡಿಯಲ್ಲಿ ಮೊದಲ ವರ್ಷದ ಬಡ್ಡಿಯೇ ಲಕ್ಷ ರೂಪಾಯಿಯ ಹತ್ತಿರ. ಬಾಡಿಗೆ ಬಡ್ಡಿಗೂ ಸಾಲದು. ಹತ್ತು ವರ್ಷಕ್ಕೆ ತೀರಿಸುವ ಸಾಲವಾದರೆ ತಿಂಗಳ ಕಂತು ಸುಮಾರು 13,200 ರೂ. ಬಾಡಿಗೆಯಿಂದ 6,300 ಕಳೆದು, ಉಳಿದ 6,900 ರೂಪಾಯಿಯನ್ನು ತಿಂಗಳು ತಿಂಗಳು ಎಲ್ಲಿಂದ ತರುತ್ತೀರಿ? ಹಾಲಿನ ಬಟವಾಡೆಯಿಂದ ತರಬಹುದಿತ್ತು. ಆದರೆ ಹಸು ಮಾರಿ ಆಗಿದೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಸಾಲದಿಂದ ಕಟ್ಟಿದ ಮನೆಯನ್ನು ಮೊದಲ ಹತ್ತು ವರ್ಷ ಸಾಕುವುದು ಬಾಡಿಗೆದಾರನಲ್ಲ, ನಿಮ್ಮ ಕೊಟ್ಟಿಗೆ. ಮನೆ ಕಟ್ಟುವುದಾದರೆ ಹಸುಗಳನ್ನು ಇಟ್ಟುಕೊಂಡೇ ಕಟ್ಟಿ. ಖರ್ಚಿನ ಅರ್ಧಕ್ಕಿಂತ ಹೆಚ್ಚು ಸಾಲ ಬೇಡ. ಮೇಲಿನ ಲೆಕ್ಕದಲ್ಲೇ 5 ಲಕ್ಷ ಸಾಲವಾದರೆ ಕಂತು ಸುಮಾರು 6,600 ರೂ. ಅದನ್ನು ಬಾಡಿಗೆಯೇ ಬಹುಮಟ್ಟಿಗೆ ಹೊರುತ್ತದೆ. ಅರ್ಧ ಹಣ ಕೈಯಲ್ಲಿ ಇಲ್ಲವೇ? ಹಾಗಾದರೆ ಎರಡು ಮನೆಯ ಬದಲು ಒಂದು ಕಟ್ಟಿ. ಪಾಯವನ್ನು ಮಾತ್ರ ಮುಂದೆ ಮೇಲಂತಸ್ತು ಏರಿಸುವಷ್ಟು ಗಟ್ಟಿಯಾಗಿ ಹಾಕಿಸಿ. ನಿಮ್ಮ ಊರಿನ ಖರ್ಚು, ಬಾಡಿಗೆ ಬೇರೆ ಇರಬಹುದು. ಅಂಕಿ ಬದಲಾಯಿಸಿ ಇದೇ ಲೆಕ್ಕವನ್ನು ನೀವೇ ಹಾಕಿ ನೋಡಿ.

2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಮುಚ್ಚಿದಾಗ ಏನಾಯಿತೆಂದು ನೆನಪಿಸಿಕೊಳ್ಳಿ. ಕಾರ್ಖಾನೆ ನಿಂತಿತು, ಬಾಡಿಗೆಗೆ ಇದ್ದ ಎಷ್ಟೋ ಕೆಲಸಗಾರರು ಊರಿಗೆ ಹೊರಟುಹೋದರು. ಸಂಘದಲ್ಲಿ ಹಾಲು ಅಳೆಯುವುದು ಮಾತ್ರ ನಿಲ್ಲಲಿಲ್ಲ. ಮಾರಾಟವಾಗದೆ ಉಳಿದ ಹಾಲನ್ನು ಸರ್ಕಾರ ಆ ಏಪ್ರಿಲ್‌ನಲ್ಲಿ ಕೊಂಡು ನಗರಗಳ ಬಡವರಿಗೆ ಹಂಚಿತು. ಎರಡೂ ಇದ್ದ ಮನೆಗಳು ಆ ದಿನಗಳನ್ನು ದಾಟಿದವು.

ಇನ್ನೊಂದು ಮಾತು. ಬೈಲಾದಲ್ಲಿ ಹೇಳಿದಷ್ಟು ದಿನ, ಅಷ್ಟು ಹಾಲು ಹಾಕದಿದ್ದರೆ ಸಂಘದಲ್ಲಿ ನಿಮ್ಮ ಮತದ ಹಕ್ಕಿಗೂ ಕುತ್ತು. ಎಲ್ಲ ಹಸು ಮಾರುವವರು ಇದನ್ನು ಕಾರ್ಯದರ್ಶಿಯವರಲ್ಲಿ ಮೊದಲೇ ಕೇಳಿ ತಿಳಿಯಿರಿ.

ಜಾಗದ ಕಾಗದ

ಹೊಲದ ಅಂಚಿನಲ್ಲಿ ದನದ ಕೊಟ್ಟಿಗೆಯಂಥ ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳಲು ಕರ್ನಾಟಕ ಭೂಕಂದಾಯ ಕಾಯ್ದೆ, 1964 ಅಡ್ಡಿ ಮಾಡುವುದಿಲ್ಲ. ಆದರೆ ಅದೇ ಜಾಗದಲ್ಲಿ ಬಾಡಿಗೆಗೆ ಬಿಡುವ ಮನೆ ಅಥವಾ ಮಳಿಗೆ ಕಟ್ಟಬೇಕಾದರೆ ಭೂಪರಿವರ್ತನೆ ಆಗಬೇಕು, ಪಂಚಾಯ್ತಿ ಅಥವಾ ಪುರಸಭೆಯ ಪರವಾನಗಿ ಬೇಕು. ಕೊಟ್ಟಿಗೆಯೆಂದು ತೋರಿಸಿ ಮನೆ ಕಟ್ಟಿದವರಿಗೆ ಮುಂದೆ ಬ್ಯಾಂಕ್ ಸಾಲವೂ ಸಿಗದು, ಖಾತೆಯೂ ಆಗದು. ಗ್ರಾಮಠಾಣದ ಜಾಗವಾದರೆ ಪಂಚಾಯ್ತಿಯಲ್ಲಿ ಇ-ಸ್ವತ್ತು ಖಾತೆ ನಿಮ್ಮ ಹೆಸರಿಗೆ ಇದೆಯೇ ನೋಡಿ. ಎಷ್ಟೋ ಮನೆಗಳ ಖಾತೆ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದೆ. ಅಂಥ ಜಾಗದಲ್ಲಿ ಒಬ್ಬ ಮಗ ಸಾಲ ಮಾಡಿ ಮನೆ ಕಟ್ಟಿದರೆ, ಬಾಡಿಗೆ ಬರತೊಡಗಿದ ತಿಂಗಳೇ ಅಣ್ಣತಮ್ಮಂದಿರ, ಅಕ್ಕತಂಗಿಯರ ಪಾಲಿನ ಮಾತು ಏಳುತ್ತದೆ. ಮೊದಲು ಪಾಲು ಪತ್ರ, ಆಮೇಲೆ ಪಾಯ.

ಹೊಲವನ್ನು ಗುತ್ತಿಗೆಗೋ ವಾರಕ್ಕೋ ಕೊಡುವ ವಿಚಾರ ಇದರಿಂದ ಬೇರೆ. ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆ ಕೃಷಿ ಜಮೀನಿನ ಗೇಣಿಯನ್ನು, ಸೈನಿಕರಂಥ ಕೆಲವರನ್ನು ಬಿಟ್ಟು, ಒಪ್ಪುವುದಿಲ್ಲ. ಅದನ್ನು ಮನೆ ಬಾಡಿಗೆಯಂತೆ ಎಣಿಸಬೇಡಿ.

ಭೋಗ್ಯದ ಹಣ ಆದಾಯವಲ್ಲ, ಸಾಲ

ನಮ್ಮ ಕಡೆ ಹೆಚ್ಚು ಜನ ಎಡವುವುದು ಇಲ್ಲಿ. "ತಿಂಗಳ ಬಾಡಿಗೆಗೆ ಯಾರು ಅಲೆಯುತ್ತಾರೆ, ಮೂರು ಲಕ್ಷ ಒಟ್ಟಿಗೆ ಬಂತಲ್ಲ" ಎಂದು ಮನೆಯನ್ನು ಮೂರು ವರ್ಷದ ಭೋಗ್ಯಕ್ಕೆ ಕೊಡುತ್ತಾರೆ. ಮನೆಯಲ್ಲಿರುವವರು ಬಾಡಿಗೆ ಕೊಡುವುದಿಲ್ಲ, ನೀವು ಬಡ್ಡಿ ಕೊಡುವುದಿಲ್ಲ. ಅವಧಿ ಮುಗಿದಾಗ ಹಣ ಪೂರ್ತಿ ಹಿಂದಿರುಗಿಸಬೇಕು.

ಬಡ್ಡಿ ಇಲ್ಲ ಎಂಬುದು ಕಣ್ಣಿಗೆ ಮಾತ್ರ. ಆ ಮನೆಗೆ 4,000 ರೂ. ಬಾಡಿಗೆ ಬರುವಂತಿದ್ದರೆ ವರ್ಷಕ್ಕೆ 48,000 ರೂ. ಬಿಟ್ಟುಕೊಟ್ಟಿರಿ. ಮೂರು ಲಕ್ಷಕ್ಕೆ 48,000 ಎಂದರೆ ಶೇ. 16ರ ಬಡ್ಡಿ. ಆ ಹಣವನ್ನು ಬ್ಯಾಂಕಿನಲ್ಲಿ ಶೇ. 7ಕ್ಕೆ ಇಟ್ಟರೆ ಬರುವುದು 21,000, ವರ್ಷಕ್ಕೆ 27,000 ನಷ್ಟ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಕೈಸಾಲ ಇದ್ದು, ಅದನ್ನು ಈ ಹಣದಿಂದ ತೀರಿಸಿದರೆ ವರ್ಷಕ್ಕೆ 72,000 ರೂ. ಬಡ್ಡಿ ಉಳಿಯುತ್ತದೆ. ಆಗ ಭೋಗ್ಯ ಲಾಭವೇ. ಹಾಗಾಗಿ ಭೋಗ್ಯ ಒಳ್ಳೆಯದೋ ಕೆಟ್ಟದ್ದೋ ಎಂಬುದು ಹಣ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲಿದೆ.

ಸಾಮಾನ್ಯವಾಗಿ ಎಲ್ಲಿಗೆ ಹೋಗುತ್ತದೆ? ಮಗಳ ಮದುವೆಗೆ, ಬೋರ್‌ವೆಲ್‌ಗೆ. ನನಗೆ ಗೊತ್ತಿರುವ ಒಬ್ಬ ಸದಸ್ಯೆ ಭೋಗ್ಯದ ಹಣದಲ್ಲಿ ಬೋರ್ ಕೊರೆಸಿದರು, ನೀರು ಬೀಳಲಿಲ್ಲ. ಮೂರು ವರ್ಷ ಮುಗಿದ ದಿನ ಕೈಯಲ್ಲಿ ಹಣವಿರಲಿಲ್ಲ. ಮನೆಯಲ್ಲಿದ್ದವರು ಒಳ್ಳೆಯವರೇ, ಜಗಳ ಮಾಡಲಿಲ್ಲ. "ಹಣ ಆದಾಗ ಕೊಡಿ ಅಕ್ಕ, ಅಲ್ಲೀವರೆಗೂ ಇರ್ತೀವಿ" ಎಂದರು. ಇನ್ನೂ ಎರಡು ವರ್ಷ ಬಾಡಿಗೆ ಇಲ್ಲದೆ ಇದ್ದರು. ಅದು ಅವರ ಹಕ್ಕೇ ಆಗಿತ್ತು. ಕೊನೆಗೆ ಎರಡು ಕರಾವಿನ ಹಸು ಮಾರಿ ಮನೆ ಬಿಡಿಸಿಕೊಂಡರು. ಅದರಲ್ಲಿ ಒಂದು, ನಾನೇ ಕರು ಹಾಕಿಸಿದ ಹಸು.

ಕಾನೂನಿನ ಕಣ್ಣಿಗೆ ಇಂಥ ಭೋಗ್ಯ ಒಂದು ಬಗೆಯ ಅಡಮಾನ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ನೂರು ರೂಪಾಯಿ ಮೀರಿದ ಇಂಥ ಅಡಮಾನವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಛಾಪಾ ಕಾಗದದಲ್ಲಿ ಬರೆದು ಇಬ್ಬರ ಸಾಕ್ಷಿ ಹಾಕಿಸಿ ಪೆಟ್ಟಿಗೆಯಲ್ಲಿಟ್ಟರೆ ಸಾಲದು. ವ್ಯಾಜ್ಯ ಬಂದಾಗ ಆ ಪತ್ರದ ಬಲದಿಂದ ಅಡಮಾನವನ್ನು ಸಾಧಿಸಲಾಗದು. ಹಣವನ್ನು ಚೆಕ್ಕಿನಲ್ಲೋ ಬ್ಯಾಂಕ್ ಖಾತೆಯ ಮೂಲಕವೋ ಪಡೆಯಿರಿ. 20,000 ರೂ. ಅಥವಾ ಅದಕ್ಕೆ ಮೇಲ್ಪಟ್ಟ ಸಾಲ, ಠೇವಣಿಗಳನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿರ್ಬಂಧವಿದೆ. ಹಿಂದಿರುಗಿಸುವಾಗಲೂ ಅಷ್ಟೇ. ಮನೆ ಬ್ಯಾಂಕಿಗೆ ಅಡವಾಗಿದ್ದರೆ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಭೋಗ್ಯಕ್ಕೆ ಕೊಡಬೇಡಿ.

ಹನ್ನೊಂದು ತಿಂಗಳು, ಹನ್ನೆರಡು ವರ್ಷ

ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೆ ಏಕೆ ಬರೆಯುತ್ತಾರೆ ಎಂದು ಕೇಳಿದರೆ "ವಾಡಿಕೆ" ಎನ್ನುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು ತಪ್ಪಿಸಲು ಹನ್ನೊಂದು ತಿಂಗಳು. ಸರಿ, ಆದರೆ ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಪತ್ರ ಬರೆಸುವವರು ಕಡಿಮೆ. ಕರು ಹಾಕಿದ ತಾರೀಕು ಬರೆದಿಡಿ ಎಂದು ನಾನು ಹೇಳುತ್ತಲೇ ಇರುತ್ತೇನೆ, ನೀವು ಬರೆದಿಡುವುದಿಲ್ಲ. ಇದೂ ಹಾಗೆಯೇ. ಗೋಡೆಯ ಕ್ಯಾಲೆಂಡರಿನಲ್ಲಿ ಗಬ್ಬದ ತಾರೀಕಿನ ಪಕ್ಕದಲ್ಲೇ ಕರಾರು ಮುಗಿಯುವ ತಾರೀಕನ್ನೂ ಗುರುತು ಹಾಕಿ.

"ಹನ್ನೆರಡು ವರ್ಷ ಇದ್ದರೆ ಮನೆ ಅವನದೇ ಆಗುತ್ತಂತೆ" ಎಂಬ ಹೆದರಿಕೆ ಹಳ್ಳಿಗಳಲ್ಲಿ ತುಂಬ ಇದೆ. ಇದೇ ಹೆದರಿಕೆಯಿಂದ ಒಳ್ಳೆಯ ಬಾಡಿಗೆದಾರರನ್ನು ಸುಮ್ಮಸುಮ್ಮನೆ ಬಿಡಿಸುವವರೂ ಇದ್ದಾರೆ. ನಿಮ್ಮ ಒಪ್ಪಿಗೆಯಿಂದ ಒಳಗೆ ಬಂದು, ನಿಮಗೆ ಬಾಡಿಗೆ ಕೊಡುತ್ತಾ ಇರುವವನು ಎಷ್ಟು ವರ್ಷ ಇದ್ದರೂ ಮಾಲೀಕನಾಗುವುದಿಲ್ಲ. ಹನ್ನೆರಡು ವರ್ಷದ ಮಾತು ಬರುವುದು, ಮಾಲೀಕನ ಹಕ್ಕನ್ನೇ ಅಲ್ಲಗಳೆದು ಸ್ವತ್ತನ್ನು ತನ್ನದೆಂದು ಬಹಿರಂಗವಾಗಿ ಅನುಭವಿಸುವವನ ವಿಷಯದಲ್ಲಿ. ಹಾಗಾದರೆ ಅವನು ಬಾಡಿಗೆದಾರ ಎಂಬುದಕ್ಕೆ ಪುರಾವೆ ಏನು? ಕರಾರು ಪತ್ರ, ಬಾಡಿಗೆ ರಸೀತಿ, ನಿಮ್ಮ ಹೆಸರಿನಲ್ಲಿ ಕಟ್ಟಿದ ಕಂದಾಯದ ರಸೀತಿ. ನೆಂಟರೆಂದು, ಆಳುಮಗನೆಂದು, ಬಾಡಿಗೆಯೂ ಇಲ್ಲದೆ ಬರಹವೂ ಇಲ್ಲದೆ ಇರಗೊಟ್ಟ ಮನೆಗಳಲ್ಲೇ ತೊಂದರೆ ಹೆಚ್ಚು. ಅಂಥವರಿಂದಲೂ "ಮಾಲೀಕರ ಒಪ್ಪಿಗೆಯಿಂದ ವಾಸವಾಗಿದ್ದೇನೆ" ಎಂದು ಒಂದು ಬರಹ ಪಡೆಯಿರಿ.

ಹಾಲು ಹಾಕಿದ್ದಕ್ಕೆ ಸಂಘದ ಪಾಸ್‌ಬುಕ್‌ನಲ್ಲಿ ಲೀಟರು, ಫ್ಯಾಟು, ದರ ಬರೆಯುತ್ತಾರೆ. ತಪ್ಪಿದರೆ ಅಲ್ಲೇ ನಿಂತು ಕೇಳುತ್ತೀರಿ. ಬಾಡಿಗೆಗೂ ಒಂದು ಪುಸ್ತಕ ಇಡಿ. ತಿಂಗಳು, ಮೊತ್ತ, ಇಬ್ಬರ ಸಹಿ. ಬಾಡಿಗೆ ಬ್ಯಾಂಕ್ ಖಾತೆಗೇ ಬಂದರೆ ಇನ್ನೂ ಉತ್ತಮ. ತೆರಿಗೆಯ ಬಗ್ಗೆ ಒಂದೇ ಮಾತು. ಹೊಲದ ಬೆಳೆಯ ಆದಾಯಕ್ಕೆ ತೆರಿಗೆ ಇಲ್ಲವೆಂದು ಬಾಡಿಗೆಗೂ ಇಲ್ಲ ಎಂದುಕೊಳ್ಳಬೇಡಿ. ಹಾಲಿನ ಆದಾಯವೂ ಕೃಷಿ ಆದಾಯದಲ್ಲಿ ಸೇರುವುದಿಲ್ಲ. ಬಾಡಿಗೆಯಲ್ಲಿ ಸ್ಥಳೀಯ ಸಂಸ್ಥೆಗೆ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ರಿಪೇರಿ ಇತ್ಯಾದಿಗೆಂದು ಬಿಟ್ಟು ಲೆಕ್ಕ ಹಾಕುತ್ತಾರೆ. ಒಟ್ಟು ಆದಾಯ ತೆರಿಗೆಯ ಮಿತಿಗೆ ಬಾರದ ಸದಸ್ಯರೇ ಹೆಚ್ಚು. ಆದರೂ ಮುಂದೆ ಬ್ಯಾಂಕಿನವರು ಕೇಳುವುದು ಈ ಲೆಕ್ಕವನ್ನೇ.

ಬಾಡಿಗೆ ನಿಲ್ಲಿಸಿದವನನ್ನು ಬಿಡಿಸುವುದು ಹೇಗೆ? ಸಿಟ್ಟಿನಿಂದ ಬೀಗ ಜಡಿಯುವುದು, ನೀರು ನಿಲ್ಲಿಸುವುದು, ಕರೆಂಟು ಕಡಿಯುವುದು ಬೇಡ. ಅದರಿಂದ ತಪ್ಪು ನಿಮ್ಮ ತಲೆಗೇ ಬರುತ್ತದೆ. ಕರಾರಿನಲ್ಲಿ ಬೇರೆ ಹೇಳಿರದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನದ ಲಿಖಿತ ನೋಟೀಸು ಕೊಡಬೇಕು. ಆಮೇಲೂ ಬಿಡದಿದ್ದರೆ ನ್ಯಾಯಾಲಯವೇ ದಾರಿ. ಪಟ್ಟಣ ಪ್ರದೇಶಗಳಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೆ ಕರ್ನಾಟಕ ಬಾಡಿಗೆ ಕಾಯ್ದೆ, 1999ರ ರಕ್ಷಣೆಯೂ ಇದೆ. ಅಲ್ಲಿ ಬಿಡಿಸಲು ಕಾಯ್ದೆಯಲ್ಲಿ ಹೇಳಿದ ಕಾರಣ ತೋರಿಸಬೇಕು.

ಒಂದು ಮನೆಗೆ ಒಂದು ಮೀಟರು. ಉಳಿತಾಯವೆಂದು ಮೂರು ಮನೆಗೆ ಒಂದೇ ಮೀಟರು ಹಾಕಿಸಿದರೆ ತಿಂಗಳ ಜಗಳವನ್ನು ಹಣ ಕೊಟ್ಟು ತಂದಂತೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ. ಮೀಟರು ಬೇರೆ ಇಲ್ಲದಿದ್ದರೆ ಅವರ ಪಾಲಿನ ಸೌಲಭ್ಯ ತಪ್ಪುತ್ತದೆ. ಮನೆಯ ಮೀಟರಿನಿಂದ ಅಂಗಡಿ ಮಳಿಗೆಗೆ ತಂತಿ ಎಳೆದುಕೊಡಬೇಡಿ, ದಂಡ ಬೀಳುವುದು ಮೀಟರು ಯಾರ ಹೆಸರಿನಲ್ಲಿದೆಯೋ ಅವರಿಗೆ.

ಕೊಟ್ಟಿಗೆ ಪಕ್ಕದಲ್ಲಿ ಬಾಡಿಗೆದಾರ

ಇದು ನನ್ನ ಸ್ವಂತ ವಿಷಯ, ಸ್ವಲ್ಪ ಹೆಚ್ಚು ಹೇಳುತ್ತೇನೆ.

ನಮ್ಮ ಸದಸ್ಯರು ಬಾಡಿಗೆ ಮನೆ ಕಟ್ಟುವುದು ಹೆಚ್ಚಾಗಿ ತಮ್ಮ ಹಿತ್ತಲಲ್ಲೇ, ಕೊಟ್ಟಿಗೆಯ ಮಗ್ಗುಲಲ್ಲೇ. ಮನೆ ನೋಡಲು ಬಂದವರು ಸಂಜೆ ಬರುತ್ತಾರೆ, ಒಪ್ಪುತ್ತಾರೆ. ಬೆಳಿಗ್ಗೆ ಐದಕ್ಕೆ ಕರು ಕೂಗುವುದು, ಮಳೆಗಾಲದಲ್ಲಿ ತಿಪ್ಪೆಯ ನೊಣ, ಗಂಜಲದ ನಾತ ಇವೆಲ್ಲ ಆಮೇಲೆ ತಿಳಿಯುತ್ತವೆ. ಮೂರೇ ತಿಂಗಳಿಗೆ ಬಿಟ್ಟು ಹೋಗುತ್ತಾರೆ. ಮನೆಯ ಬತ್ತಿದ ದಿನ ಹೆಚ್ಚಾಗುವುದು ಹೀಗೆ. ಕೊಟ್ಟಿಗೆಯ ಗಂಜಲ, ತೊಳೆದ ನೀರು ಬಾಡಿಗೆ ಮನೆಯ ಬಾಗಿಲ ಮುಂದೆ ಹರಿಯದಂತೆ ಚರಂಡಿಯನ್ನು ಮೇವಿನ ಹುಲ್ಲಿನ ತಾಕಿಗೆ ತಿರುಗಿಸಿ. ತಿಪ್ಪೆಯನ್ನು ಆದಷ್ಟು ದೂರಕ್ಕೆ, ಗಾಳಿ ಮನೆಗಳ ಕಡೆ ಬೀಸದ ದಿಕ್ಕಿಗೆ ಸರಿಸಿ. ಗೋಬರ್ ಅನಿಲ ಸ್ಥಾವರ ಇದ್ದರೆ ನಾತವೂ ನೊಣವೂ ಅರ್ಧ ಕಡಿಮೆಯಾದಂತೆ. ಬಂದವರಿಗೆ ಮನೆಯನ್ನು ಬೆಳಿಗ್ಗೆ, ಹಾಲು ಕರೆಯುವ ಹೊತ್ತಿಗೇ ತೋರಿಸಿ. ಒಪ್ಪಿದವರು ನಿಲ್ಲುತ್ತಾರೆ.

ನೀರಿನ ಲೆಕ್ಕ ಮರೆಯಬೇಡಿ. ಕರಾವಿನ ಮಿಶ್ರತಳಿ ಹಸು ದಿನಕ್ಕೆ 60 ರಿಂದ 80 ಲೀಟರ್ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮೈ ತೊಳೆಯುವ, ಕೊಟ್ಟಿಗೆ ತೊಳೆಯುವ ನೀರು ಬೇರೆ. ಅದೇ ಬೋರಿನಿಂದ ಎರಡು ಸಂಸಾರಕ್ಕೆ ನೀರು ಕೊಡುತ್ತೇನೆಂದು ಕರಾರಿನಲ್ಲಿ ಬರೆದುಕೊಟ್ಟರೆ ಏಪ್ರಿಲ್‌ನಲ್ಲಿ ಕಷ್ಟ. ನೀರು ಕಡಿಮೆಯಾದ ವಾರವೇ ಹಸು ಹಾಲಿನಲ್ಲಿ ಇಳಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಹೊತ್ತು ನೀರು ಬಿಡುತ್ತೀರಿ ಎಂಬುದನ್ನು ಕರಾರಿನಲ್ಲೇ ಬರೆಯಿರಿ.

ಇನ್ನೊಂದು ಅಪಾಯ ಯಾರೂ ನಿರೀಕ್ಷಿಸದ್ದು. ಯುಗಾದಿ, ಗೌರಿ ಹಬ್ಬ ಮುಗಿದ ಮಾರನೆಯ ದಿನ ನನಗೆ ಕರೆ ಬರುತ್ತದೆ, "ಹಸು ಮೇವು ಮುಟ್ಟುತ್ತಿಲ್ಲ, ಹೊಟ್ಟೆ ಕದಲುತ್ತಿಲ್ಲ." ಹೋಗಿ ವಿಚಾರಿಸಿದರೆ ಬಾಡಿಗೆ ಮನೆಯ ತಾಯಿ ಪುಣ್ಯವೆಂದು ಮಿಕ್ಕ ಅನ್ನ, ಪಾಯಸ, ಹೋಳಿಗೆಯನ್ನು ಪಾತ್ರೆಯ ಸಮೇತ ಗೋದಲಿಗೆ ಸುರಿದಿರುತ್ತಾರೆ. ಒಂದೇ ಸಲ ಹೆಚ್ಚು ಅನ್ನ ತಿಂದರೆ ಹಸುವಿನ ದೊಡ್ಡ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಮೆಲುಕು ನಿಲ್ಲುತ್ತದೆ, ಹುಳಿ ನಾತದ ಭೇದಿ ಆಗುತ್ತದೆ, ಹಸು ಮಲಗಿಬಿಡುತ್ತದೆ. ತಡವಾದರೆ ಒಂದೆರಡು ದಿನದಲ್ಲೇ ಸಾಯಲೂಬಹುದು. ಹೀಗಾದ ಕೂಡಲೇ ವೈದ್ಯರಿಗೆ ತಿಳಿಸಿ, ಬೆಳಗಾಗಲಿ ಎಂದು ಕಾಯಬೇಡಿ. ಅವರ ಭಕ್ತಿಗೆ ನೋವಾಗದಂತೆ ಮೊದಲ ದಿನವೇ ಹೇಳಿ: "ಹಸುಗೆ ಏನಾದರೂ ಕೊಡಬೇಕು ಅನಿಸಿದರೆ ಒಂದು ಹಿಡಿ ಹಸಿ ಹುಲ್ಲು ಕೊಡಿ ತಾಯಿ, ಅನ್ನ ಬೇಡ." ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದ ತರಕಾರಿ ಸಿಪ್ಪೆಯೂ ಅಷ್ಟೇ ಅಪಾಯ. ಮುಚ್ಚಳ ಇರುವ ಕಸದ ಡಬ್ಬಿಯನ್ನು ನೀವೇ ಇಟ್ಟುಕೊಡಿ.

ಬಾಡಿಗೆ ಮನೆಯ ಮಕ್ಕಳು ಕರುವಿನ ಜೊತೆ ಆಡುವುದು ಸಹಜ. ಆದರೆ ಕಂದು ಹಾಕಿದ ಹಸುವಿನ ಹತ್ತಿರ ಅವರನ್ನು ಬಿಡಬೇಡಿ. ಬ್ರುಸೆಲ್ಲೋಸಿಸ್ ರೋಗ ಜನರಿಗೂ ಬರುತ್ತದೆ. ಕಂದು, ಮಾಸು ಇವುಗಳನ್ನು ಬರಿಗೈಯಲ್ಲಿ ಮುಟ್ಟದೆ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಿ. ಬಾಡಿಗೆಯವರು ಮನೆಬಾಗಿಲಲ್ಲಿ ಹಾಲು ಕೊಂಡರೆ ಕಾಯಿಸದೆ ಕುಡಿಯಬಾರದೆಂದು ಹೇಳಿ.

ಬಿಟ್ಟು ಹೋಗುವ ದಿನ

ಮುಂಗಡದ ಹಣ ನಿಮ್ಮದಲ್ಲ. ಅದರಲ್ಲಿ ಪಶು ಆಹಾರ ತರಬೇಡಿ, ಬೇರೆ ಖಾತೆಯಲ್ಲಿ ಇಡಿ. ಬಾಡಿಗೆದಾರ ಬಿಡುವ ದಿನ ಅವರ ಜೊತೆಯಲ್ಲೇ ಮನೆಯೊಳಗೆ ನಡೆದು ನಲ್ಲಿ, ಕಿಟಕಿ, ಬೀಗದ ಕೈ, ಮೀಟರಿನ ಅಂಕಿ ನೋಡಿ ಬರೆದುಕೊಳ್ಳಿ. ಕಳೆಯಬೇಕಾದ್ದನ್ನು ಅಲ್ಲೇ ಹೇಳಿ ಕಳೆದು, ಉಳಿದ ಮುಂಗಡವನ್ನು ಅದೇ ದಿನ ಖಾತೆಗೆ ಹಾಕಿ, "ಮನೆ ಬಿಟ್ಟುಕೊಟ್ಟು ಮುಂಗಡ ಪಡೆದಿದ್ದೇನೆ" ಎಂದು ಸಹಿ ಪಡೆಯಿರಿ. ಮುಂಗಡ ಕೊಡಲು ಅಲೆದಾಡಿಸುವ ಮಾಲೀಕನ ಮನೆಗೆ ಮುಂದಿನವರು ಬರುವುದು ತಡವಾಗುತ್ತದೆ, ಊರಲ್ಲಿ ಮಾತು ಬೇಗ ಹರಡುತ್ತದೆ. ಮನೆ ಖಾಲಿ ಇದೆಯೆಂದು ಅದರೊಳಗೆ ಒಣಹುಲ್ಲು, ಪಶು ಆಹಾರದ ಚೀಲ ತುಂಬಬೇಡಿ. ಇಲಿ ಸೇರಿಕೊಂಡು ವೈರು ಕಡಿಯುತ್ತವೆ, ಆಹಾರ ಬೂಷ್ಟು ಹಿಡಿಯುತ್ತದೆ, ಮನೆ ನೋಡಲು ಬಂದವರು ಬಾಗಿಲಿನಿಂದಲೇ ತಿರುಗಿ ಹೋಗುತ್ತಾರೆ.